ಮರೆವಿಗೆ ಯಾವ ಸ್ಕ್ಯಾನಿಂಗ್? ಎಐ ವರದಿ ಯಾರಿಗೆ ಬೇಕು, ಯಾರಿಗೆ ಬೇಡ

ನಮ್ಮ ದೊಡ್ಡಮ್ಮ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದಿನ ಬೆಳಗಾದರೆ ಅಂಗಳ ಸಾರಿಸಿ ರಂಗೋಲಿ ಇಟ್ಟವರು. 15ರಿಂದ 8ರ ಸಂದುಚುಕ್ಕಿಯನ್ನು ಪುಸ್ತಕ ನೋಡದೆ ಇಡುತ್ತಿದ್ದರು. ಮೂರು ವರ್ಷದ ಹಿಂದೆ, ಧನುರ್ಮಾಸದ ಒಂದು ಬೆಳಗ್ಗೆ, ಆರನೆಯ ಸಾಲಿಗೆ ಬಂದು ಸುಮ್ಮನೆ ನಿಂತರು. ಬೆರಳ ಸಂದಿಯಲ್ಲಿ ಪುಡಿ ಹಾಗೇ ಇತ್ತು. ಮೊದಲಿನಿಂದ ಎಣಿಸಿದರು, ಮತ್ತೆ ಅದೇ ಸಾಲಿನಲ್ಲಿ ನಿಂತರು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಒಂದು ಪುಟ್ಟ ಪದ್ಮ ಬರೆದು ಒಳಗೆ ಹೋದರು. ಆಗ ಅವರಿಗೆ 71. ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರೆಲ್ಲ ಮಾತು ತೇಲಿಸಿದೆವು. ಆ ಗಾದೆಯನ್ನು ನಂಬಿಕೊಂಡು ಪೂರ್ತಿ ಒಂದು ವರ್ಷ ಕಳೆದೆವು. ಆ ವರ್ಷದ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಆಮೇಲೆ ಶುರುವಾದದ್ದು ಸ್ಕ್ಯಾನಿಂಗ್ ಓಡಾಟ. ಒಬ್ಬರು ಸಿಟಿ ಸಾಕು ಎಂದರು, ಇನ್ನೊಬ್ಬರು ಎಂಆರ್‌ಐ ಎಂದರು. ಮೂರನೆಯವರು, ಈಗ ಕೃತಕ ಬುದ್ಧಿಮತ್ತೆಯ ವರದಿ ಬಂದಿದೆ, ಅದು ಆರು ವರ್ಷ ಮೊದಲೇ ಹೇಳುತ್ತದಂತೆ ಎಂದರು. ನಾಲ್ಕನೆಯವರ ಪ್ರಕಾರ ಪೆಟ್ ಸ್ಕ್ಯಾನ್ ಇಲ್ಲದೆ ಏನೂ ಗೊತ್ತಾಗುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಸ್ಥಿತಿ) ಇದೆ ಎಂದು ಅಂದಾಜಿಸಿತು. ಅಷ್ಟು ಮನೆಗಳಲ್ಲಿ ಇದೇ ಗೊಂದಲ ಇರಬೇಕು. ನಾವು ಅಲೆದು ಕಲಿತದ್ದು ಮತ್ತು ಆಮೇಲೆ ಓದಿ ತಿಳಿದದ್ದು ಸೇರಿಸಿ, ಯಾವುದನ್ನು ಯಾವಾಗ ಆಯ್ದುಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕೊನೆಯ ಮಾತು ನಿಮ್ಮ ನರರೋಗ ತಜ್ಞರದೇ.

ಯಂತ್ರಕ್ಕೆ ಮೊದಲು

ಸ್ಕ್ಯಾನಿಂಗ್‌ಗೆ ದುಡ್ಡು ಹೊಂದಿಸುವ ಮುಂಚೆ ಎರಡು ಕೆಲಸ ಆಗಿರಬೇಕು. ಒಂದು, ರಕ್ತ ಪರೀಕ್ಷೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಕೆಲವು ನಿದ್ದೆ ಮಾತ್ರೆಗಳು, ಖಿನ್ನತೆ, ಕಿವಿ ಮಂದವಾಗಿರುವುದು, ಇವೆಲ್ಲ ಡಿಮೆನ್ಷಿಯಾದಂತೆಯೇ ಕಾಣಿಸಬಲ್ಲವು. ಇವುಗಳಲ್ಲಿ ಬಹುಪಾಲು ಸರಿಪಡಿಸಬಹುದಾದವು.

ಎರಡು, ಅವರವರ ಭಾಷೆಯಲ್ಲಿ ನೆನಪಿನ ಪರೀಕ್ಷೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮೊದಲು ನಾವು ಹೋದ ಕಡೆ ದೊಡ್ಡಮ್ಮನ ಕೈಗೆ ಪೆನ್ನು ಕೊಟ್ಟು ಗಡಿಯಾರ ಬರೆಯಿರಿ ಎಂದರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಪೆನ್ನು ಹಿಡಿದ ಕೈ ನಡುಗಿತು, ಮುಳ್ಳುಗಳು ಎಲ್ಲೋ ಹೋದವು, ಅಂಕ ಕಡಿಮೆ ಬಂತು. ಅದೇ ಅಂಕವನ್ನು ಹಿಡಿದು ತೀರ್ಮಾನಿಸಿದ್ದರೆ ಅದು ಶಾಲೆಯ ಕೊರತೆಯನ್ನು ಅಳೆದಂತೆ, ಮೆದುಳನ್ನಲ್ಲ. ಓದುಬರಹ ಬಾರದವರಿಗಾಗಿಯೇ ಮಾಡಿದ ಪರೀಕ್ಷೆಗಳು ನಮ್ಮಲ್ಲಿ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಕಟ್ಟು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುಮಾಡಿತು. ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ನಡೆಯುತ್ತಿವೆ. ಮೊದಲ ಮೆಟ್ಟಿಲಾಗಿ ಅಲ್ಲಿ ವಿಚಾರಿಸಿ.

ಇದರ ಜೊತೆಗೆ ಮನೆಯವರು ಒಂದು ಹಾಳೆಯಲ್ಲಿ ಬರೆದು ತಂದದ್ದು ಬಹಳ ತೂಕದ ಸಾಕ್ಷಿ: ಯಾವ ಕೆಲಸ ಮೊದಲು ಬರುತ್ತಿತ್ತು, ಈಗ ಬರುವುದಿಲ್ಲ, ಯಾವ ತಿಂಗಳಿಂದ. ನಿಮ್ಹಾನ್ಸ್‌ಗೆ ಹೋದಾಗ ರಂಗೋಲಿಯ ಸಂಗತಿ ಹೇಳಿದೆ. ಅಲ್ಲಿನ ವೈದ್ಯೆ ಬೇರೆ ಎಲ್ಲ ಕಾಗದ ಪಕ್ಕಕ್ಕಿಟ್ಟು ಅದನ್ನು ಬರೆದುಕೊಂಡರು.

ಸಿಟಿಯೋ, ಎಂಆರ್‌ಐಯೋ

ಸಿಟಿ ಅಗ್ಗ, ಐದು ಹತ್ತು ನಿಮಿಷದ ಕೆಲಸ, ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ. ತಲೆಗೆ ಏಟು ಬಿದ್ದು ಒಳಗೆ ರಕ್ತ ಕಟ್ಟಿದೆಯೇ, ಗೆಡ್ಡೆ ಇದೆಯೇ, ಮೆದುಳಿನ ಕೋಣೆಗಳಲ್ಲಿ ನೀರು ತುಂಬಿದೆಯೇ ಎಂಬ ಪ್ರಶ್ನೆಗೆ ಅದು ಸಾಕು. ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು, ಎರಡು ಮೂರು ವಾರಕ್ಕೆ ಮಂಕು ಕವಿದಂತಾದರೆ ಸಿಟಿಯನ್ನು ಅದೇ ದಿನ ಮಾಡಿಸಬೇಕು. ಪೇಸ್‌ಮೇಕರ್ ಇದ್ದು ಎಂಆರ್‌ಐ ಸಾಧ್ಯವಾಗದವರಿಗೂ ಇದೇ ದಾರಿ. ಆದರೆ ಡಿಮೆನ್ಷಿಯಾದ ಮೊದಲ ಹೆಜ್ಜೆಗಳನ್ನು ಹಿಡಿಯಲು ಸಿಟಿಯ ಕಣ್ಣು ಸಾಲದು.

ಎಂಆರ್‌ಐಗೆ ವಿಕಿರಣವಿಲ್ಲ. ಅರ್ಧ ಗಂಟೆ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು, ಸದ್ದು ಜೋರು. ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಕಿವಿಯ ಮಟ್ಟದಲ್ಲಿ, ಮೆದುಳಿನ ಎರಡೂ ಬದಿಯಲ್ಲಿ ಇರುತ್ತದೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಸೊರಗುವ ಭಾಗಗಳಲ್ಲಿ ಅದೂ ಒಂದು. ಆ ಸೊರಗುವಿಕೆ ಎಂಆರ್‌ಐಯಲ್ಲಿ ಕಾಣುತ್ತದೆ. ಸಣ್ಣ ರಕ್ತನಾಳ ಕಟ್ಟಿದ ಗುರುತು, ಸೂಜಿಮೊನೆಯಷ್ಟು ರಕ್ತ ಜಿನುಗಿದ ಚುಕ್ಕೆ, ಇವೂ ಕಾಣುತ್ತವೆ.

ನಮಗೆ ಆದ ನಷ್ಟ ನಿಮಗೆ ಆಗದಿರಲಿ ಎಂದು ಇದನ್ನು ಒತ್ತಿ ಹೇಳುತ್ತೇನೆ. ನಮ್ಮೂರ ಹತ್ತಿರದ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಮೊದಲ ಎಂಆರ್‌ಐ ಮಾಡಿಸಿದೆವು. ಅವರು ಐದು ಮಿಲಿಮೀಟರ್ ದಪ್ಪದ ಪದರಗಳಲ್ಲಿ ಚಿತ್ರ ತೆಗೆದು, ದೊಡ್ಡ ಫಿಲ್ಮ್ ಕೈಗಿಟ್ಟರು. ಬೆಂಗಳೂರಿಗೆ ತಂದಾಗ, ಎಐ ಅಳತೆಗೆ ಇದು ಬರುವುದಿಲ್ಲ ಎಂದು ವಾಪಸಾಯಿತು. ಹಿಪೊಕ್ಯಾಂಪಸ್‌ನ ಗಾತ್ರ ಅಳೆಯಬೇಕಾದರೆ ಒಂದು ಮಿಲಿಮೀಟರ್ ದಪ್ಪದ ಪದರಗಳ, ಮೂರು ಆಯಾಮದ ‘ಟಿ1’ ಎಂಬ ಬಗೆಯ ಚಿತ್ರ ಬೇಕು. ಅದೇ ಯಂತ್ರದಲ್ಲಿ ಐದಾರು ನಿಮಿಷ ಹೆಚ್ಚು ತೆಗೆದುಕೊಂಡಿದ್ದರೆ ಸಿಗುತ್ತಿತ್ತು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮತ್ತೆ ಪೂರ್ತಿ ದುಡ್ಡು ಕೊಟ್ಟು ಇನ್ನೊಮ್ಮೆ ಮಾಡಿಸಿದೆವು. ಆದ್ದರಿಂದ ಟೇಬಲ್ ಮೇಲೆ ಮಲಗಿಸುವ ಮೊದಲೇ ಕೇಳಿ: 3ಡಿ ಟಿ1 ತೆಗೆಯುತ್ತೀರಾ? ಚಿತ್ರಗಳನ್ನು ಫಿಲ್ಮ್‌ನಲ್ಲಿ ಮಾತ್ರವಲ್ಲದೆ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲರೂಪದಲ್ಲಿ ಕೊಡುತ್ತೀರಾ?

ಕಣ್ಣಂದಾಜು ಮತ್ತು ಎಐ ಅಳತೆ

ಎಐ ವರದಿಗೆ ಹೆಚ್ಚುವರಿ ಹಣ ಕೇಳಿದಾಗ, ಅದಿಲ್ಲದೆಯೂ ಸಿಗಬಹುದಾದ್ದು ಏನೆಂದು ಗೊತ್ತಿರಲಿ. ಹಿಪೊಕ್ಯಾಂಪಸ್ ಸುತ್ತಲಿನ ಸವಕಳಿಗೆ 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ 1992ರಿಂದ ಇದೆ. 75ಕ್ಕಿಂತ ಕಿರಿಯರಲ್ಲಿ 2 ಅಥವಾ ಹೆಚ್ಚು, ಅದಕ್ಕಿಂತ ಹಿರಿಯರಲ್ಲಿ 3 ಅಥವಾ ಹೆಚ್ಚು ಬಂದರೆ ಗಮನಿಸಬೇಕು ಎನ್ನುವುದು ವಾಡಿಕೆ. ರಕ್ತನಾಳದ ಹಾನಿಗೆ ‘ಫಝೆಕಾಸ್’ ಎಂಬ 0ಯಿಂದ 3ರ ಅಂಕವಿದೆ. ಅನುಭವಿ ರೇಡಿಯಾಲಜಿಸ್ಟ್ ಕೆಲವೇ ನಿಮಿಷದಲ್ಲಿ ಇವೆರಡನ್ನೂ ಬರೆಯಬಲ್ಲರು. ಆದರೆ ಎಷ್ಟೋ ವರದಿಗಳಲ್ಲಿ ‘ವಯಸ್ಸಿಗೆ ತಕ್ಕ ಸವಕಳಿ’ ಎಂಬ ಒಂದೇ ಸಾಲು ಇರುತ್ತದೆ. ಆ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಅಂಕ ಬರೆದುಕೊಡಿ ಎಂದು ವಿನಯದಿಂದ ಕೇಳಿ. ವೈದ್ಯರ ಚೀಟಿಯಲ್ಲೇ ಬರೆಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಇನ್ನು ಎಐ. ಇದರಲ್ಲಿ ಎರಡು ಜಾತಿ. ಇದನ್ನು ಬೇರ್ಪಡಿಸಿ ನೋಡದಿದ್ದರೆ ಉಳಿದದ್ದೆಲ್ಲ ಗೋಜಲಾಗುತ್ತದೆ.

ಮೊದಲನೆಯದು ಅಳೆಯುವ ಎಐ. ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಒಂದೊಂದು ಭಾಗದ ಗಡಿ ಗುರುತಿಸಿ, ಬಣ್ಣ ಹಚ್ಚಿ, ಗಾತ್ರ ಹೇಳುತ್ತದೆ. ನ್ಯೂರೊಕ್ವಾಂಟ್ ಎಂಬ ತಂತ್ರಾಂಶಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 2006ರಲ್ಲಿ. ಬೆಲ್ಜಿಯಂನ ಐಕೊಮೆಟ್ರಿಕ್ಸ್, ಕೊರಿಯಾದ ನ್ಯೂರೊಫೆಟ್ ಮುಂತಾದವು ಆಮೇಲೆ ಬಂದವು. ದೊಡ್ಡಮ್ಮನ ವರದಿ ಈ ಬಗೆಯದು. ಬೂದು ಮೆದುಳಿನ ನಡುವೆ ಹಿಪೊಕ್ಯಾಂಪಸ್ ಹಳದಿಯಾಗಿ, ಮಡಚಿಟ್ಟ ಕಿರುಬೆರಳಿನಂತೆ ಕಾಣುತ್ತಿತ್ತು. ಕೆಳಗೆ, ಎಡಭಾಗ 2.71 ಘನ ಸೆಂಟಿಮೀಟರ್, 12ನೆಯ ಪರ್ಸೆಂಟೈಲ್ ಎಂದಿತ್ತು. ಅರ್ಥ ಇಷ್ಟು: ಅವರ ವಯಸ್ಸಿನ ನೂರು ಆರೋಗ್ಯವಂತ ಹೆಂಗಸರನ್ನು ಹಿಪೊಕ್ಯಾಂಪಸ್‌ನ ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಚಿಕ್ಕದರ ಕಡೆಯಿಂದ ಇವರು 12ನೆಯವರು. ಕಾಯಿಲೆ ಇದೆ ಎಂದು ಆ ವರದಿ ಎಲ್ಲೂ ಹೇಳಲಿಲ್ಲ, ಹೇಳಲೂಬಾರದು.

ಎರಡನೆಯದು ತೀರ್ಪು ಕೊಡುವ ಎಐ. ಸಾವಿರಾರು ಚಿತ್ರಗಳನ್ನು ನೋಡಿ ಕಲಿತು, ‘ಇದು ಆಲ್ಝೈಮರ್ ಆಗುವ ಸಂಭವ ಇಷ್ಟು’ ಎಂದು ನೇರವಾಗಿ ಹೇಳುವುದು. ‘ಆರು ವರ್ಷ ಮೊದಲೇ’ ಎಂಬ ಮಾತಿನ ಮೂಲ ಇಲ್ಲಿದೆ. 2018ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಪೆಟ್ ಚಿತ್ರಗಳ ಮೇಲೆ ಇಂಥ ಮಾದರಿ ಕಟ್ಟಿತು. ಅಂತಿಮ ರೋಗನಿರ್ಣಯಕ್ಕೆ ಸರಾಸರಿ 75 ತಿಂಗಳಿಗೂ ಹೆಚ್ಚು ಮುಂಚಿನ ಚಿತ್ರಗಳಲ್ಲೇ ಅದು ಕಾಯಿಲೆಯವರನ್ನೆಲ್ಲ ಗುರುತಿಸಿತು. ಕಾಯಿಲೆ ಇಲ್ಲದವರಲ್ಲಿ ಶೇ 82ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು. ಸಾಧನೆ ದೊಡ್ಡದೇ. ಆದರೆ ಹೊರಗಿನ ಪರೀಕ್ಷೆಗೆ ಬಳಸಿದ್ದು 40 ಜನರ ಚಿತ್ರಗಳನ್ನು ಮಾತ್ರ.

ಈ ಲೆಕ್ಕವನ್ನು ನಮ್ಮೂರಿಗೆ ತಂದು ನೋಡೋಣ. 60 ದಾಟಿದ ಸಾವಿರ ಜನರಲ್ಲಿ 74 ಮಂದಿಗೆ ಡಿಮೆನ್ಷಿಯಾ ಇದೆ ಎಂದುಕೊಳ್ಳಿ. ಆ 74 ಮಂದಿಯೂ ಸಿಕ್ಕಿಬಿದ್ದರು ಎನ್ನೋಣ. ಉಳಿದ 926 ಜನರಲ್ಲಿ ಶೇ 18, ಅಂದರೆ ಸುಮಾರು 167 ಮಂದಿಗೂ ಯಂತ್ರ ಕೆಂಪು ಗುರುತು ಹಾಕುತ್ತದೆ. ಕೆಂಪು ಗುರುತು ಬಿದ್ದ ಮೂವರಲ್ಲಿ ಇಬ್ಬರಿಗೆ ಕಾಯಿಲೆಯೇ ಇರುವುದಿಲ್ಲ. ಚೆನ್ನಾಗಿಯೇ ಇರುವ ತಂದೆತಾಯಿಗೆ ‘ಒಮ್ಮೆ ನೋಡಿಬಿಡೋಣ’ ಎಂದು ಎಐ ಸ್ಕ್ಯಾನಿಂಗ್ ಮಾಡಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಹೆಲ್ತ್ ಪ್ಯಾಕೇಜ್‌ನಲ್ಲಿ ಸೇರಿಸಿ ಕೊಟ್ಟರೂ ಬೇಡ.

ಇನ್ನೊಂದು ದೋಷ ತೀರ್ಪು ಕೊಡುವ ಮಾದರಿಗಳಲ್ಲಿ ಪದೇಪದೇ ಕಂಡಿದೆ. ಒಬ್ಬರದೇ ಹಲವು ಚಿತ್ರಗಳಲ್ಲಿ ಕೆಲವು ಕಲಿಕೆಗೂ ಕೆಲವು ಪರೀಕ್ಷೆಗೂ ಹೋಗಿಬಿಡುತ್ತವೆ. ಆಗ ಯಂತ್ರ ಕಾಯಿಲೆಯನ್ನು ಗುರುತಿಸುವ ಬದಲು ಆ ಮನುಷ್ಯನನ್ನೇ ಗುರುತಿಸುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯಂತೆ ಅಂಕ ಏರುತ್ತದೆ. 2020ರಲ್ಲಿ ಫ್ರಾನ್ಸ್‌ನ ತಂಡವೊಂದು ಪರಿಶೀಲಿಸಿದ ಇಂಥ ಸಂಶೋಧನಾ ಲೇಖನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಸೋರಿಕೆ ಇರಬಹುದು ಎಂದು ಕಂಡುಬಂತು. ಶೇ 99 ನಿಖರತೆ ಎಂದು ಯಾರಾದರೂ ಹೇಳಿದರೆ, ಯಾವ ಆಸ್ಪತ್ರೆಯ, ಎಷ್ಟು ಹೊಸ ರೋಗಿಗಳ ಮೇಲೆ ಎಂದು ಕೇಳಿ.

ಮನೆಯವರ ಮಟ್ಟಿಗೆ ನನ್ನ ಆಯ್ಕೆ ಅಳೆಯುವ ಎಐ. ತೀರ್ಪು ಕೊಡುವುದು ವೈದ್ಯರ ಕೈಯಲ್ಲಿನ ಇನ್ನೊಂದು ಸಾಧನವಾಗಿ ಇರಲಿ, ನೇರ ನಮ್ಮ ಕೈಗೆ ಬರುವುದು ಬೇಡ.

ಯಾರ ಮೆದುಳಿಗೆ ಹೋಲಿಸಿದ್ದು?

ಆ ‘ನೂರು ಹೆಂಗಸರು’ ಯಾರು ಎಂದು ಕೇಳಿದೆ. ಯುರೋಪ್, ಅಮೆರಿಕದವರು ಎಂಬ ಉತ್ತರ ಬಂತು. ಇಂಥ ಬಹುಪಾಲು ಮಾದರಿಗಳು ಕಲಿತಿರುವುದು ಅಮೆರಿಕದಲ್ಲಿ 2004ರಲ್ಲಿ ಶುರುವಾದ ‘ಆಡ್ನಿ’ ಎಂಬ ಚಿತ್ರಸಂಗ್ರಹದಿಂದ. ಅದರಲ್ಲಿರುವವರು ಹೆಚ್ಚಾಗಿ ಬಿಳಿಯರು, ಬಹಳ ಓದಿದವರು. ಪಾರ್ಶ್ವವಾಯು, ರಕ್ತನಾಳದ ಹಾನಿ ಎದ್ದು ಕಾಣುವವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. ನಮ್ಮ ಹಿರಿಯರಲ್ಲಿ ಬಿಪಿ, ಸಕ್ಕರೆ ಕಾಯಿಲೆ ಎರಡೂ ಸಾಮಾನ್ಯ. ರಕ್ತನಾಳದ ಹಾನಿ ಮತ್ತು ಆಲ್ಝೈಮರ್ ಬೆರೆತ ಮೆದುಳನ್ನು ಆ ಯಂತ್ರ ಕಂಡದ್ದೇ ಕಡಿಮೆ.

2019ರಲ್ಲಿ ಹೈದರಾಬಾದಿನ ಐಐಐಟಿ ತಂಡ ನೂರು ಆರೋಗ್ಯವಂತ ಯುವಜನರ ಎಂಆರ್‌ಐ ಬಳಸಿ ಭಾರತೀಯ ಮೆದುಳಿನ ನಕ್ಷೆ ಮಾಡಿತು. ಸರಾಸರಿ ಭಾರತೀಯ ಮೆದುಳು ಪಾಶ್ಚಾತ್ಯರ, ಚೀನಿಯರ, ಕೊರಿಯನ್ನರ ಮೆದುಳಿಗಿಂತ ಗಾತ್ರದಲ್ಲಿ ಚಿಕ್ಕದು ಎಂದು ಅದು ತೋರಿಸಿತು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಳತೆಗೋಲು ಬೇರೆಯವರದಾದರೆ ಆರೋಗ್ಯವಂತರೂ ‘ಚಿಕ್ಕದು’ ಎಂದು ಬರೆಸಿಕೊಳ್ಳಬಹುದು. ಒಳ್ಳೆಯ ತಂತ್ರಾಂಶಗಳು ತಲೆಬುರುಡೆಯ ಗಾತ್ರಕ್ಕೆ ಹೊಂದಿಸಿ ಲೆಕ್ಕ ಹಾಕುತ್ತವೆ, ಅದರಿಂದ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. 2020ರಲ್ಲಿ ನಿಮ್ಹಾನ್ಸ್ ಸಂಶೋಧಕರು ಮುಂದಾಳಾಗಿ ಭಾರತೀಯರ ಐದು ವಯೋಮಾನದ ಮಾದರಿಗಳನ್ನು ಪ್ರಕಟಿಸಿದರು. ಅವು 6ರಿಂದ 60 ವರ್ಷದವರಿಗೆ. ಡಿಮೆನ್ಷಿಯಾದ ಪ್ರಶ್ನೆ ಏಳುವುದು ಹೆಚ್ಚಾಗಿ ಅರವತ್ತರ ಆಚೆಗೆ.

ಆ ಕೊರತೆ ತುಂಬುವ ಕೆಲಸ ಕನ್ನಡ ನೆಲದಲ್ಲೇ ನಡೆಯುತ್ತಿರುವುದು ನನಗೆ ಹೆಮ್ಮೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ರಕ್ತ, ನೆನಪಿನ ಪರೀಕ್ಷೆಗಳ ಜೊತೆ ಎಂಆರ್‌ಐಯೂ ಅದರಲ್ಲಿ ಸೇರಿದೆ. ಮಾವಿನ ತೋಪಿನಲ್ಲಿ ದುಡಿದ ಜನರ ಮೆದುಳೂ ಅಳತೆಗೋಲಿನಲ್ಲಿ ಸೇರಿದಾಗ ನಮ್ಮ ಮನೆಗಳಿಗೆ ಬರುವ ಪರ್ಸೆಂಟೈಲ್‌ಗೆ ಅರ್ಥ ಹೆಚ್ಚುತ್ತದೆ.

ಭಾಷೆಯ ವಿಷಯವೂ ಇಲ್ಲಿ ಬರುತ್ತದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಹಾಗೆಯೇ. ಎಂದರೆ ಸ್ಕ್ಯಾನ್‌ನಲ್ಲಿ ಸೊರಗಿದ ಮೆದುಳಿದ್ದೂ ಸಂತೆಯ ಲೆಕ್ಕ ತಪ್ಪದ ಅಜ್ಜಿ ಇರಬಹುದು. ಚಿತ್ರವನ್ನು ಮಾತ್ರ ನೋಡುವ ಯಂತ್ರಕ್ಕೆ ಆ ಸಂತೆ ಕಾಣುವುದಿಲ್ಲ.

ಪೆಟ್ ಯಾವಾಗ

ಎಂಆರ್‌ಐ ಆಕಾರ ತೋರಿಸಿದರೆ, ಪೆಟ್ ಕೆಲಸ ತೋರಿಸುತ್ತದೆ. ಎಫ್‌ಡಿಜಿ ಪೆಟ್‌ನಲ್ಲಿ ವಿಕಿರಣಶೀಲ ಸಕ್ಕರೆಯನ್ನು ರಕ್ತಕ್ಕೆ ಕೊಟ್ಟು, ಮೆದುಳಿನ ಯಾವ ಭಾಗ ಅದನ್ನು ಕಡಿಮೆ ಬಳಸುತ್ತಿದೆ ಎಂದು ನೋಡುತ್ತಾರೆ. ಆಲ್ಝೈಮರ್‌ನಲ್ಲಿ ಕಿವಿಯ ಮೇಲಿನ ಹಾಗೂ ಹಿಂಬದಿಯ ಮೆದುಳಿನ ಭಾಗಗಳು ಮಂಕಾಗುತ್ತವೆ. ಮುಂಭಾಗ ಮಂಕಾದರೆ ಸ್ವಭಾವವೇ ಬದಲಾಗುವ ಇನ್ನೊಂದು ಬಗೆಯ ಡಿಮೆನ್ಷಿಯಾ ಇರಬಹುದು. ತೀರಾ ಹಿಂದಿನ, ದೃಷ್ಟಿಯ ಭಾಗ ಮಂಕಾದರೆ ಲೂಯಿ ಬಾಡಿ ಎಂಬ ಮತ್ತೊಂದು ಬಗೆಯ ಡಿಮೆನ್ಷಿಯಾದ ಅನುಮಾನ. ಯಾವ ಬಗೆ ಎಂಬ ಪ್ರಶ್ನೆಗೆ ಪೆಟ್ ಎಂಆರ್‌ಐಗಿಂತ ಚೆನ್ನಾಗಿ ಉತ್ತರಿಸುತ್ತದೆ. ಎಐ ಇಲ್ಲಿ ನಿಜವಾಗಿ ನೆರವಾಗುವ ಲಕ್ಷಣವಿದೆ: ಅಮೆರಿಕದ ಮೇಯೊ ಕ್ಲಿನಿಕ್ 2025ರಲ್ಲಿ ಪ್ರಕಟಿಸಿದ ‘ಸ್ಟೇಟ್‌ವ್ಯೂವರ್’ ಒಂದೇ ಪೆಟ್ ಚಿತ್ರದಿಂದ ಒಂಬತ್ತು ಬಗೆಯ ಡಿಮೆನ್ಷಿಯಾಗಳನ್ನು ಶೇ 88ರಷ್ಟು ಸಲ ಸರಿಯಾಗಿ ಗುರುತಿಸಿತು. ಕಲಿಕೆಗೂ ಪರೀಕ್ಷೆಗೂ ಸೇರಿ ಬಳಸಿದ್ದು 3,600ಕ್ಕೂ ಹೆಚ್ಚು ಚಿತ್ರಗಳನ್ನು.

ಆದರೆ ಪೆಟ್ ದುಬಾರಿ, ವಿಕಿರಣವಿದೆ, ನಾಲ್ಕಾರು ಗಂಟೆ ಹಸಿದಿರಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬಳಸುವ ವಿಕಿರಣಶೀಲ ವಸ್ತು ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರದಿಂದ ದೂರವಿರುವ ಊರುಗಳಲ್ಲಿ ಇದು ಸುಲಭವಾಗಿ ಸಿಗದಿರುವುದಕ್ಕೆ ಕಾರಣವೂ ಇದೇ. ನೆನಪಿನ ತೊಂದರೆ ಖಚಿತವಾಗಿದ್ದು, ಯಾವ ಬಗೆ ಎಂಬುದು ಎಂಆರ್‌ಐಯಿಂದ ತಿಳಿಯದೆ, ಉತ್ತರದಿಂದ ಔಷಧ ಬದಲಾಗುವಂತಿದ್ದರೆ ಮಾತ್ರ ಮಾಡಿಸಿ. ಅಮಿಲಾಯ್ಡ್ ಪೆಟ್ ಬೇರೆಯೇ ಪರೀಕ್ಷೆ; ಆಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಅದು ತೋರಿಸುತ್ತದೆ. ಲೆಕನೆಮ್ಯಾಬ್‌ನಂಥ ಹೊಸ ಔಷಧ ಕೊಡುವ ಮೊದಲು ಅಮಿಲಾಯ್ಡ್ ಇದೆಯೆಂದು ದೃಢಪಡಿಸಲು ಅದು ಬೇಕಾಗುತ್ತದೆ, ಸುಮ್ಮನೆ ತಿಳಿದುಕೊಳ್ಳಲು ಅಲ್ಲ. ರಕ್ತದಲ್ಲೇ ಅಮಿಲಾಯ್ಡ್ ಸುಳಿವು ಹಿಡಿಯುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿತು. ಅದು ಕೂಡ 55 ದಾಟಿದ, ಈಗಾಗಲೇ ಲಕ್ಷಣಗಳಿರುವವರಿಗೆ. ಮುಂದಿನ ವರ್ಷಗಳಲ್ಲಿ ಎಷ್ಟೋ ಜನರಿಗೆ ಪೆಟ್ ಬೇಡವಾಗುವುದು ಇದರಿಂದಲೇ ಎಂದು ನನಗನಿಸುತ್ತದೆ.

ಎಐ ವರದಿ ಮಾಡಿಸುವುದೇ ಆದರೆ

ಒಂದು ಸಲದ ಅಂಕಿಗಿಂತ ಎರಡು ಸಲದ ನಡುವಿನ ವ್ಯತ್ಯಾಸ ಬೆಲೆಬಾಳುತ್ತದೆ. ಆರೋಗ್ಯವಂತ ಹಿರಿಯರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ 1ರಿಂದ 1.5ರಷ್ಟು ಕುಗ್ಗುತ್ತದೆ, ಆಲ್ಝೈಮರ್‌ನಲ್ಲಿ ಶೇ 3ರಿಂದ 5ರಷ್ಟು. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕಾದರೆ ಅದೇ ಕೇಂದ್ರ, ಅದೇ ಯಂತ್ರ, ಅದೇ ಬಗೆಯ ಚಿತ್ರ, ಅದೇ ತಂತ್ರಾಂಶ ಇರಬೇಕು. ಯಂತ್ರ ಬದಲಾದರೆ ಅಳತೆಯೂ ಜಾರುತ್ತದೆ. ತಲೆ ಅಲುಗಿದರೆ ಮೆದುಳಿನ ಹೊರಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಆದ್ದರಿಂದ ಹಿರಿಯರಿಗೆ ಮೊದಲೇ ಶೌಚಾಲಯಕ್ಕೆ ಹೋಗಿಬರಲು ಹೇಳಿ, ಸದ್ದಿನ ಬಗ್ಗೆ ತಿಳಿಸಿ, ಕಾಲ ಬಳಿ ಮನೆಯವರೊಬ್ಬರು ನಿಲ್ಲಲು ಅನುಮತಿ ಕೇಳಿ. ನಾನು ದೊಡ್ಡಮ್ಮನ ಪಾದ ಹಿಡಿದು ನಿಂತಿದ್ದೆ. ಎರಡನೆಯ ಸಲ ಚಿತ್ರ ಬಹಳ ಸ್ಪಷ್ಟವಾಗಿ ಬಂತು.

ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಿ. ಮೂರು ಆಯಾಮದ ತಲೆಯ ಚಿತ್ರದಿಂದ ಮುಖವನ್ನೇ ಮತ್ತೆ ಕಟ್ಟಬಹುದು. 2019ರಲ್ಲಿ ಮೇಯೊ ಕ್ಲಿನಿಕ್‌ನವರು 84 ಸ್ವಯಂಸೇವಕರ ಎಂಆರ್‌ಐಯನ್ನು ಅವರ ಫೋಟೊಗಳಿಗೆ ಹೊಂದಿಸಿ ನೋಡಿದಾಗ, ಶೇ 83ರಷ್ಟು ಸಲ ಗುರುತು ಸಿಕ್ಕಿತ್ತು. ಹೆಸರು ತೆಗೆದು ಕಳಿಸುತ್ತೇವೆ ಎಂದರೆ ಸಾಲದು, ಮುಖದ ಭಾಗವನ್ನೂ ಅಳಿಸುತ್ತೀರಾ ಎಂದು ಕೇಳುವ ಹಕ್ಕು ನಮಗಿದೆ.

ನಾವು ಹದಿಮೂರು ತಿಂಗಳ ನಂತರ ಅದೇ ಯಂತ್ರಕ್ಕೆ ಮರಳಿದೆವು. 2.71 ಇದ್ದದ್ದು 2.60 ಆಗಿತ್ತು, ಶೇ 4ರಷ್ಟು ಇಳಿಕೆ. ನೆನಪಿನ ಪರೀಕ್ಷೆಯ ಅಂಕವೂ ಇಳಿದಿತ್ತು. ವೈದ್ಯೆ ಎರಡನ್ನೂ ಪಕ್ಕಪಕ್ಕ ಇಟ್ಟು, ಆಲ್ಝೈಮರ್‌ನ ಆರಂಭ ಎಂದು ದೊಡ್ಡಮ್ಮನಿಗೇ ನೇರವಾಗಿ, ಮೃದುವಾಗಿ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮನೆ ಪತ್ರದ ಕೆಲಸ ಬೇಗ ಮುಗಿಸಿಬಿಡೋಣ’ ಎಂದರು. ಆ ವಾರವೇ ಬ್ಯಾಂಕಿಗೂ ನೋಂದಣಿ ಕಚೇರಿಗೂ ಕರೆದುಕೊಂಡು ಹೋದೆವು. ಎಲ್ಲಿ ಏನಿದೆ, ಯಾರಿಗೆ ಏನು ಸೇರಬೇಕು ಎಂದು ಅವರೇ ಒಂದೊಂದಾಗಿ ಹೇಳಿದರು. ಏಳು ಕಡೆ ಸಹಿ ಹಾಕಿದರು, ಏಳೂ ಒಂದೇ ತರಹ ಇದ್ದವು.